ಬಸವನಹುಳು ಎಳೆದ ಗಡಿ

ಹುಲ್ಲುಗಾವಲಿನಲ್ಲಿ ಬೇಟೆ ಇರಬೇಕೇ ಬೇಡವೇ ಎಂದು ಚುನಾವಣೆ ನಡೆಯಿತು. ಮೊಲಗಳು ಒಂಬತ್ತು, ನರಿಗಳು ಆರು. ಬಸವನಹುಳು ಗಡಿ ಎಳೆದು ಮೂರು ಕ್ಷೇತ್ರ ಮಾಡಿತ್ತು. ಎರಡು ಕ್ಷೇತ್ರ ಗೆದ್ದ ನರಿಗಳ ಮಾತು ಕಾನೂನಾಯಿತು.

"ನಾವೇ ಹೆಚ್ಚಿದ್ದೆವಲ್ಲಪ್ಪ, ಸೋತದ್ದು ಹೇಗೆ?" ಎಂದು ಮುದಿ ಮೊಲ ಬಸವನಹುಳುವನ್ನು ಕೇಳಿತು.

"ನಿಮ್ಮ ಕ್ಷೇತ್ರದ ಐದೂ ಮತ ನಿಮಗೇ ಬಿತ್ತೆಂದು ಕುಣಿದಿರಂತೆ, ಅಜ್ಜಿ. ಉಳಿದೆರಡರಲ್ಲೂ ಎರಡು ಮೊಲಕ್ಕೆ ಮೂರು ನರಿ. ನಾನು ಒಂದು ಮತವನ್ನೂ ಕದ್ದಿಲ್ಲ."

"ಹೀಗೆ ಎಳೆ ಎಂದವರು ಯಾರು?"

"ಕಳೆದ ಸಲ ಗೆದ್ದಿದ್ದ ನರಿಗಳು."

"ಅಳಿಸಿಬಿಡಪ್ಪ. ಮರಿಗಳಿವೆ."

"ಮುಂದಿನ ಗಣತಿಯಾಗಲಿ. ತಲೆ ಎಣಿಸಿ ಹೊಸ ಗಡಿ ಎಳೆಯುತ್ತೇನೆ."

ಅಜ್ಜಿ ಮರಿಗಳನ್ನು ಹೊಟ್ಟೆಗೆ ಒತ್ತಿಕೊಂಡಿತು.

"ಆಗ ನಿನಗೆ ಅಷ್ಟು ಶ್ರಮವಿರುವುದಿಲ್ಲ, ಮಗಾ. ಹೇಗೆ ಎಳೆದರೂ ನರಿಗಳೇ ಹೆಚ್ಚಿರುತ್ತವೆ."