ಜವರಪ್ಪ ಇಟ್ಟ ಕೈತೊಳೆಯೋ ನೀರು

ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ವಿಲ್ಫ್ರೆಡ್ ದೊರೆಯ ಬಂಗಲೆ. ಅದಕ್ಕೆ ಮುನ್ನೂರು ಕಿಟಕಿ. ಬೆಳಿಗ್ಗೆ ಕಿಟಕಿ ತೆಗೆಯಲು ಹೊರಟ ಆಳು ಕೊನೆಯದನ್ನು ಮುಟ್ಟುವಷ್ಟರಲ್ಲಿ ಮೊದಲನೆಯದನ್ನು ಮುಚ್ಚುವ ಹೊತ್ತಾಗುತ್ತಿತ್ತು.

ಅಲ್ಲಿ ಅಡುಗೆಗೆ ಇದ್ದವನು ನಮ್ಮ ತಾತ ಜವರಪ್ಪ. ಮೈಸೂರು ಸೀಮೆಯಲ್ಲಿದ್ದಾಗ ತಾತನ ಸಾರು ಉಂಡ ದೊರೆ, ಊರಿಗೆ ಹೊರಟಾಗ ಗಂಧದ ಪೆಟ್ಟಿಗೆ ಬಿಟ್ಟು ತಾತನನ್ನೇ ಹಡಗು ಹತ್ತಿಸಿಕೊಂಡಿದ್ದ. ಮೂರೇ ತಿಂಗಳಲ್ಲಿ ತಾತ ಇಡೀ ಬಂಗಲೆಗೆ ಕನ್ನಡ ಕಲಿಸಿಬಿಟ್ಟ. ದೊರೆಯ ನಾಯಿ ಕೂಡ 'ಬಾ' ಅಂದರೆ ಬರುತ್ತಿತ್ತು. 'ಹೋಗು' ಅಂದರೆ ಮಾತ್ರ ಅರ್ಥವಾಗದ ಹಾಗೆ ನಟಿಸುತ್ತಿತ್ತು.

ಮದುವೆಯಾಗದ ಈ ದೊರೆಗೊಬ್ಬಳು ಅಕ್ಕ, ಹೆನ್ರಿಯಮ್ಮ. ಮನೆ ತಮ್ಮನದು, ಬಾಯಿ ಅಕ್ಕನದು. ಒಂದು ದಿನ ಅವಳು ಎಲ್ಲರನ್ನೂ ಪುಸ್ತಕದ ಕೋಣೆಗೆ ಕರೆದಳು. ಪುಸ್ತಕ ನೋಡಿಕೊಳ್ಳುವ ಎಲ್ಸಿ ಎಂಬ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಪಾಪ, ಹಿಂದಿಲ್ಲ ಮುಂದಿಲ್ಲ.

"ಆ ದಪ್ಪ ಪುಸ್ತಕದೊಳಗೆ ಇವಳಿಗೆ ಯಾರೋ ದಿನಾ ಪ್ರೇಮದ ಕಾಗದ ಇಡ್ತಾನಂತೆ. ಹೆಸರಿಲ್ಲ, ರುಜು ಇಲ್ಲ. ಯಾರವನು?"

ತಾತ ಮೆಲ್ಲಗೆ ಕೇಳಿದ, "ಅಮ್ಮಾವ್ರು ಓದಿದ್ರಾ?"

"ಛೀ! ಹುಟ್ಟಿದಾಗಿನಿಂದ ಇನ್ನೊಬ್ಬರ ಕಾಗದ ಮುಟ್ಟಿದವಳಲ್ಲ ನಾನು! ಆ ಪುಸ್ತಕದ ಹತ್ತಿರಾನೂ ಸುಳಿದಿಲ್ಲ. ನಾಳೆ ಮಧ್ಯಾಹ್ನದ ಊಟದೊಳಗೆ ಅವನು ಸಿಗಬೇಕು. ಇಲ್ಲದಿದ್ದರೆ ಇವಳು ಗಂಟುಮೂಟೆ ಕಟ್ಟಲಿ."

"ಬರೆಯೋರು ಯಾರೋ ನನಗೂ ಗೊತ್ತಿಲ್ಲಮ್ಮಾ," ಎಂದಳು ಎಲ್ಸಿ. "ಆದರೆ ಒಳ್ಳೇ ಮನಸ್ಸಿನೋರು."

ಆಗ ದೊರೆಯ ಎರಡು ಕಿವಿಯೂ ಕೆಂಪಾದವು. ಸಾರಿನಲ್ಲಿ ಮುಳುಗಿದ ಸಾಸಿವೆಯನ್ನು ದೂರದಿಂದಲೇ ಎಣಿಸುವ ತಾತನಿಗೆ ಆ ಕಿವಿ ಕಾಣದೆ ಇರುತ್ತದೆಯೇ? ಆದರೆ ಅಡುಗೆಯವನು ಹೇಳಿದರೆ ನಂಬುವವರು ಯಾರು?

"ನಾನು ಹಿಡಿದುಕೊಡ್ತೀನಿ ಅಮ್ಮಾವ್ರೇ. ಆದರೆ ಸಿಕ್ಕಿಬಿದ್ದೋರಿಗೆ ನಮ್ಮೂರಿನ ಪದ್ಧತಿ ಪ್ರಕಾರವೇ ಆಗಬೇಕು."

"ಏನು ಬೇಕಾದ್ರೂ ಮಾಡು. ಮಾತು ಕೊಟ್ಟೆ!"

ಮಾರನೆಯ ದಿನ ಊಟ ಮುಗಿಯಿತು. ಊಟದ ಕೊನೆಗೆ ಬೆರಳದ್ದಿಕೊಳ್ಳಲು ಒಬ್ಬೊಬ್ಬರಿಗೂ ಒಂದು ಬಟ್ಟಲು ನೀರಿಡುವುದು ಆ ಮನೆಯ ರೂಢಿ. ತಾತ ಅವತ್ತು ಎಲ್ಸಿಗೂ ಒಂದು ಬಟ್ಟಲು ಕೊಟ್ಟ.

ದೊರೆ ಬೆರಳದ್ದಿದ. ಬೆರಳೆಲ್ಲ ಕೆಂಪು! ಎಲ್ಸಿ ಅದ್ದಿದಳು. ಅವಳದೂ ಕೆಂಪು!

"ಇದೇನೋ ಜವರಪ್ಪ?" ಎಂದ ದೊರೆ.

"ನಿನ್ನೆ ಆ ಪುಸ್ತಕದ ಹಾಳೆಗೆಲ್ಲ ಅರಿಸಿನ ಸವರಿದ್ದೆ ದೊರೆ. ಹಳೇ ಹಾಳೆ, ಮೊದಲೇ ಹಳದಿ, ಯಾರಿಗೂ ಕಾಣಲಿಲ್ಲ. ಈ ನೀರಿಗೆ ನನ್ನ ಎಲೆಅಡಿಕೆ ಡಬ್ಬಿಯ ಸುಣ್ಣದ ತಿಳಿ ಬೆರೆಸಿದ್ದೀನಿ. ಪುಸ್ತಕ ಮುಟ್ಟಿದ ಕೈ ಮಾತ್ರ ಕೆಂಪಾಗುತ್ತೆ."

"ಹೌದಕ್ಕಾ, ಬರೆದದ್ದು ನಾನೇ," ಎಂದ ದೊರೆ. "ನಿನಗೆ ಹೆದರಿ ಹೆಸರು ಹಾಕಲಿಲ್ಲ."

"ಮನೆ ಮಾನ ಕಳೆದೆಯಲ್ಲೋ!" ಹೆನ್ರಿಯಮ್ಮ ಆಗಲೇ ತನ್ನ ಬಟ್ಟಲಿಗೆ ಅದ್ದಿದ್ದ ಎರಡೂ ಕೈ ತೆಗೆದು ತಮ್ಮನತ್ತ ಬೆರಳು ಚಾಚಿದಳು. ಬೆರಳ ತುದಿಯಿಂದ ಕೆಂಪು ನೀರು ತೊಟ್ಟಿಕ್ಕಿತು.

ಎಲ್ಲರ ಕಣ್ಣೂ ಆ ಬೆರಳಿನ ಮೇಲೆ.

"ಅದು... ಧೂಳು ಒರೆಸಿದೆ, ಅಷ್ಟೆ."

"ಪುಟಪುಟವೂ ಒರೆಸಿದ್ದೀರಿ ಅಮ್ಮಾವ್ರೇ. ಹತ್ತು ಬೆರಳೂ ಕೆಂಪಾಗಿದೆ."

ಹೆನ್ರಿಯಮ್ಮ ಮೆತ್ತಗಾದಳು. "ಸರಿ. ನಿಮ್ಮೂರಿನ ಪದ್ಧತಿಯಲ್ಲಿ ಏನು ಶಿಕ್ಷೆ?"

"ಶಿಕ್ಷೆಯಾ? ಅರಿಸಿನ ಸುಣ್ಣದ ಕೆಂಪು ನೀರು ನಮ್ಮೂರಲ್ಲಿ ಕಳ್ಳರಿಗಲ್ಲ. ಹೊಸ ಗಂಡುಹೆಣ್ಣು ಹೊಸಿಲಿಗೆ ಬಂದಾಗ ಆರತಿ ಎತ್ತೋಕೆ! ಗಂಡಿನ ಕೈ ಕೆಂಪಾಯ್ತು, ಹೆಣ್ಣಿನ ಕೈ ಕೆಂಪಾಯ್ತು, ಆರತಿ ಎತ್ತೋ ಅಕ್ಕನ ಕೈಯೂ ಕೆಂಪಾಯ್ತು. ನೀವು ಮಾತು ಕೊಟ್ಟೂ ಆಯ್ತು. ಇನ್ನು ಚೂರು ಕರ್ಪೂರ ಸಿಕ್ಕಿದರೆ ಸಾಕು."

ಹೆನ್ರಿಯಮ್ಮ ತಡೆದಳು, ತಡೆದಳು, ಕೊನೆಗೆ ನಕ್ಕೇಬಿಟ್ಟಳು. ಆ ನಗುವಿಗೆ ಮುನ್ನೂರು ಕಿಟಕಿಯ ಗಾಜೂ ಗಲಗಲ ಅಂದವು. ಕತ್ತಿನ ಮುತ್ತಿನ ಸರ ತೆಗೆದು ಎಲ್ಸಿಗೆ ಹಾಕಿದಳು, ದೊರೆಯ ಚಿನ್ನದ ಗಡಿಯಾರ ಕಿತ್ತು ತಾತನಿಗೆ ಕೊಟ್ಟಳು.

ಆಮೇಲೆ ತಾತನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು: "ಮದುವೆಯೇನೋ ಮಾಡ್ತೀನಿ ಜವರಪ್ಪ. ಆದರೆ ಇನ್ನು ಅವನು ಕಾಗದ ಬರೆಯಲ್ವಲ್ಲೋ, ಮಧ್ಯಾಹ್ನದ ಹೊತ್ತು ನಾನೇನು ಓದಲಿ?"