ಸುಬ್ಬಿಯ ಮರಳು ಬುಟ್ಟಿ

ಮಕ್ಕಳೇ, ಕೆರೆಯ ದಂಡೆಯಲ್ಲಿ ಒಂದು ಮುದಿ ಹುಣಸೆ ಮರವಿತ್ತು. ಅದರ ಪೊಟರೆಯಲ್ಲಿ ಮುಂಗುಸಿ ಚೆಲುವಯ್ಯ ಮತ್ತು ಅವನ ಮಗಳು, ಜೊತೆಗೆ ಬೆಕ್ಕು ಸುಬ್ಬಿ, ಆಮೆ ತಿಮ್ಮಜ್ಜಿ ಒಂದೇ ಮನೆಯವರಂತೆ ಇದ್ದರು.

ಸುಬ್ಬಿ ಬಲು ಶುಚಿ. ಬಾಗಿಲ ಬಲಗಡೆ ಅವಳದೊಂದು ಮರಳು ಬುಟ್ಟಿ. ಬೆಳಿಗ್ಗೆ ಕಣ್ಣು ಮುಚ್ಚಿಕೊಂಡೇ ಅಲ್ಲಿಗೆ ಹೋಗಿ, ಕೆಲಸ ಮುಗಿಸಿ, ಮರಳು ಮುಚ್ಚಿ ಬರುತ್ತಿದ್ದಳು.

ಚೆಲುವಯ್ಯನಿಗೆ ಎಲ್ಲದಕ್ಕೂ ಅವಸರ. ಮಗಳನ್ನು ನೋಡಲು ಮರುದಿನವೇ ಗಂಡಿನ ಕಡೆಯವರು ಬರುತ್ತಾರೆಂದು ಸುದ್ದಿ ಬಂತು.

"ಬಾಗಿಲಲ್ಲೇ ಪಾಯಿಖಾನೆಯೇ? ಛೀ!" ಎಂದವನೇ ಮರಳು ಬುಟ್ಟಿಯನ್ನು ಎಳೆದೊಯ್ದು ಮರದ ಹಿಂದೆ ಇಟ್ಟ. ಆ ಜಾಗಕ್ಕೆ ರಂಗೋಲಿ ಪುಡಿಯ ಬುಟ್ಟಿ ತಂದಿಟ್ಟ.

"ಸುಬ್ಬೀ, ನಾಳೆಯಿಂದ ಹಿಂದುಗಡೆ ಹೋಗು. ಗೊತ್ತಾಯಿತೇ?"

"ಆಗಲಿ ಚೆಲುವಣ್ಣ."

ಬೆಳಗಾಯಿತು. ನಿದ್ದೆಗಣ್ಣಿನ ಸುಬ್ಬಿಯನ್ನು ಕಾಲುಗಳು ತಾವಾಗಿಯೇ ಬಲಗಡೆಗೆ ಕರೆದೊಯ್ದವು. ಪಾದಕ್ಕೆ ನುಣ್ಣಗೆ ಏನೋ ತಗುಲಿತು. "ಆಹಾ, ಹೊಸ ಮರಳು!" ಎಂದುಕೊಂಡಳು. ಮುಂದಿನದನ್ನು ನಾನೇ ಹೇಳಬೇಕೇ?

ಚೆಲುವಯ್ಯ ಎದ್ದವನೇ ಬುಟ್ಟಿಗೆ ಕೈ ಹಾಕಿದ. "ಪುಡಿ ಯಾಕೋ ಒದ್ದೆಯಾಗಿದೆ" ಎನ್ನುತ್ತಲೇ ಬಾಗಿಲ ಮುಂದೆ ದೊಡ್ಡದೊಂದು ಕಮಲ ಬರೆದ.

ಗಂಡಿನ ಕಡೆಯವರು ಬಂದರು. ಬಂದವರು ಮೂಗು ಮುಚ್ಚಿಕೊಂಡು ನಿಂತರು. ಗಂಡಿನ ಅಜ್ಜಿ ಕೇಳಿಯೇಬಿಟ್ಟಳು, "ಕಮಲಕ್ಕೆ ಇಷ್ಟೊಂದು ಪರಿಮಳವೇ?"

ಚೆಲುವಯ್ಯನಿಗೆ ವಿಷಯ ಹೊಳೆಯಿತು. ಬಾಲ ನಿಗುರಿತು. "ಸುಬ್ಬೀ! ನನ್ನ ಮಾನ ಕಳೆದೆಯಲ್ಲ! ಸಂಜೆಯೊಳಗೆ ಮನೆ ಬಿಟ್ಟು ಹೊರಡು!"

"ಬೇಕೆಂದು ಮಾಡಲಿಲ್ಲ ಅಣ್ಣ. ಈ ಮನೆ ಬಿಟ್ಟು ನಾನೆಲ್ಲಿಗೆ ಹೋಗಲಿ?" ಸುಬ್ಬಿ ಗಳಗಳನೆ ಅತ್ತಳು. ಪಾಪ, ನೋಡಿದವರ ಕರುಳು ಚುರುಕ್ ಎನ್ನುವಂತಿತ್ತು.

ತಿಮ್ಮಜ್ಜಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಂದು, "ಚೆಲುವಾ, ನಿನ್ನ ಮಣೆಯನ್ನು ಗೋಡೆ ಪಕ್ಕಕ್ಕೆ ಸರಿಸಿದ್ದೇನೆ. ಅದರ ಜಾಗದಲ್ಲಿ ಪಾಯಸ ಇಟ್ಟಿದ್ದೇನೆ. ನೋಡಿ ಕೂರು" ಎಂದಳು.

"ಹೂಂ ಹೂಂ, ಗೊತ್ತಾಯಿತು!"

ಬಂದವರನ್ನು ಊಟಕ್ಕೆ ಕರೆದು, ಚೆಲುವಯ್ಯ ತಾನು ದಿನವೂ ಕೂರುವ ಜಾಗದಲ್ಲೇ ಧೊಪ್ಪನೆ ಕೂತ. ಸೀದಾ ಪಾಯಸದ ಪಾತ್ರೆಯೊಳಗೆ!

"ಮೊದಲೇ ಹೇಳಿದ್ದೆನಲ್ಲ?" ಎಂದಳು ತಿಮ್ಮಜ್ಜಿ.

"ಕಿವಿಗೆ ಗೊತ್ತಿತ್ತು ಅಜ್ಜಿ, ಅಂಡಿಗೆ ಗೊತ್ತಿರಲಿಲ್ಲ."

"ಸುಬ್ಬಿಯ ಕಾಲಿಗೂ ಅಷ್ಟೇ ಕಣಪ್ಪ."

ಚೆಲುವಯ್ಯ ಪಾತ್ರೆಯಲ್ಲಿ ಕೂತೇ ತಲೆ ತಗ್ಗಿಸಿದ. "ತಪ್ಪಾಯಿತು ಸುಬ್ಬಿ, ಎಲ್ಲಿಗೂ ಹೋಗಬೇಡ" ಎಂದ. ಗಂಡಿನ ಅಜ್ಜಿ ನಕ್ಕು ನಕ್ಕು ಸುಸ್ತಾಗಿ, "ನಮಗೆ ಇದೇ ಮನೆಯ ಹೆಣ್ಣು ಬೇಕು" ಎಂದಳು.

ಮರಳು ಬುಟ್ಟಿ ಮತ್ತೆ ಬಾಗಿಲಿಗೆ ಬಂತು. ತಿಮ್ಮಜ್ಜಿ ಅದನ್ನು ದಿನಕ್ಕಿಷ್ಟು, ದಿನಕ್ಕಿಷ್ಟು ಮರದ ಹಿಂದಕ್ಕೆ ತಳ್ಳತೊಡಗಿದಳು.

"ಸ್ವಲ್ಪ ಬೇಗ ತಳ್ಳಬಾರದೇ ಅಜ್ಜಿ?" ಎಂದ ಚೆಲುವಯ್ಯ.

"ಇದೇ ನನ್ನ ಬೇಗ."

ಬುಟ್ಟಿ ಮರದ ಹಿಂದಕ್ಕೆ ಮುಟ್ಟುವಷ್ಟರಲ್ಲಿ ಮಗಳ ಮದುವೆ ಮುಗಿದು ಬಾಣಂತನವೂ ಶುರುವಾಗಿತ್ತು. ಆದರೆ ಸುಬ್ಬಿ ಒಂದು ದಿನವೂ ತಪ್ಪು ಬುಟ್ಟಿಗೆ ಹೋಗಲಿಲ್ಲ. ಬುಟ್ಟಿ ಜಾಗ ಬದಲಿಸಿದೆ ಎಂಬುದೇ ಅವಳಿಗೆ ಗೊತ್ತಾಗಲಿಲ್ಲ.

ನೀತಿ: ಅಭ್ಯಾಸವನ್ನು ಬೈದು ಬದಲಿಸಲಾಗದು, ತಾಳ್ಮೆಯಿಂದ ದಿನಕ್ಕಿಷ್ಟು ಸರಿಸಬೇಕು.