ಮೂರು ದೀಪಗಳ ಒಡತಿ

ಸರ್ವಮಂಗಳಮ್ಮನವರ ನಡುಮನೆಯಲ್ಲಿ, ಟ್ಯೂಬ್‌ಲೈಟಿನ ಪಕ್ಕದಲ್ಲೊಂದು ಹಲ್ಲಿ ಸುಖವಾಗಿತ್ತು. ಸಂಜೆ ದೀಪ ಹತ್ತಿದರೆ ಸಾಕು, ಹುಳುಗಳು ತಾವಾಗಿಯೇ ಬಾಯಿಗೆ ಬರುತ್ತಿದ್ದವು. ಒಂದು ದಿನ ಎಲೆಕ್ಟ್ರಿಷಿಯನ್ ಬಂದು ಎದುರು ಗೋಡೆಗೆ ಇನ್ನೆರಡು ದೀಪ ಹಾಕಿಹೋದ.

"ನನ್ನ ಆಸ್ತಿ ಮೂರು ಪಟ್ಟಾಯಿತು!" ಎಂದು ಹಲ್ಲಿ ಲೊಚಗುಟ್ಟಿತು.

ಆ ಸಂಜೆ ಟ್ಯೂಬ್‌ಲೈಟಿನ ಬಳಿ ಹುಳುವೊಂದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಎದುರಿನ ದೀಪದಲ್ಲಿ ಇನ್ನೂ ದಪ್ಪನೆಯದು ಕಂಡಿತು. ಹಲ್ಲಿ ಓಡಿತು. ಅಲ್ಲಿಗೆ ಹೋದರೆ ಆಚೆಯ ದೀಪದಲ್ಲಿ ಪತಂಗವೇ ಕೂತಿದೆ! ಮತ್ತೆ ಓಡಿತು.

ಮೂಲೆಯ ಜೇಡ ಕೇಳಿತು: "ಹಲ್ಲಿಯಕ್ಕಾ, ಎಷ್ಟು ತಿಂದಿರಿ?"

"ತಿನ್ನಲು ಬಿಡುವೆಲ್ಲಿದೆಯಪ್ಪಾ? ಮೂರು ಕಡೆಯ ಮೇಲ್ವಿಚಾರಣೆ ನನ್ನ ತಲೆಯ ಮೇಲಿದೆ. ಒಂದು ಆರಿದರೂ ಎರಡು ಉಳಿಯುತ್ತವೆ, ಅವಸರವೇನು?"

ಅಷ್ಟರಲ್ಲಿ ಸರ್ವಮಂಗಳಮ್ಮ ಆರತಕ್ಷತೆಗೆ ಹೊರಟು ಸ್ವಿಚ್ ಒತ್ತಿದರು. ಮೂರೂ ದೀಪ ಒಟ್ಟಿಗೆ ಆರಿದವು.

"ಹಳೆಯ ದೀಪದ ತಂತಿಯಿಂದಲೇ ಹೊಸವಕ್ಕೂ ಕರೆಂಟು ಎಳೆದಿದ್ದಾರೆ ಅಕ್ಕಾ. ಮೂರಕ್ಕೂ ಒಂದೇ ಸ್ವಿಚ್," ಎಂದಿತು ಜೇಡ, ಸೊಳ್ಳೆ ಮೆಲ್ಲುತ್ತಾ.

ಹಲ್ಲಿ ಖಾಲಿ ಹೊಟ್ಟೆಯಲ್ಲಿ ಬಹಳ ಹೊತ್ತು ಯೋಚಿಸಿತು.

"ತಪ್ಪೆಲ್ಲ ಆ ಎಲೆಕ್ಟ್ರಿಷಿಯನ್‌ನದು," ಎಂದಿತು. "ನಾಲ್ಕನೆಯದೊಂದು ಹಾಕಬೇಕಿತ್ತು."